ಲಾರಿಗೆಂದು ಬಿಟ್ಟ ಜಾಗ

ಒದ್ದೆ ವೀಳ್ಯದೆಲೆಯ ವಾಸನೆಯೂ ಪೆಟ್ರೋಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬರುವುದು ಈಗ ಅಪರೂಪ. ಮೊನ್ನೆ ಹಾನಗಲ್ಲಿನಲ್ಲಿ ಯಾರೋ ಎಲೆಯ ಬುಟ್ಟಿಯೊಂದನ್ನು ಬಸ್ಸಿನ ಮಗ್ಗುಲಿಗೆ ಇಳಿಸಿದರು; ನಾನು ಕಣ್ಣು ಮುಚ್ಚಿ ನಿಂತುಬಿಟ್ಟೆ, ಹತ್ತಬೇಕಾದ ಬಸ್ಸು ಹೋಗಿಯೇ ಬಿಟ್ಟಿತು. ಸವಣೂರಿನ ನಮ್ಮ ಮನೆಗೆ ಹೊಂದಿಕೊಂಡಿದ್ದ ಮೋಟಾರ್ ಶೆಡ್ಡಿನ ವಾಸನೆ ಅದು. ಮಧ್ಯಾಹ್ನ ಅದರೊಳಗೆ ತಣ್ಣನೆಯ ಮಬ್ಬು ಇರುತ್ತಿತ್ತು. ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲುಗಳಲ್ಲಿ ಧೂಳು ಮೇಲೆ ಕೆಳಗೆ ಆಡುತ್ತಿತ್ತು, ಬಾಳೆಪಟ್ಟೆಯಲ್ಲಿ ಸುತ್ತಿಟ್ಟ ಎಲೆಯ ಕಟ್ಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಮೋಟಾರಿನ ಹಿಂದಿನ ಸೀಟಿನಲ್ಲಿ ಮಲಗಿ, ಎಲ್ಲಿಗೂ ಹೋಗದೆ ಎಲ್ಲ ಊರಿಗೂ ಹೋಗಿಬರುತ್ತಿದ್ದೆ. ಅಂಥದೊಂದು ಮೂಲೆ ನಿಮಗೂ ಇದ್ದಿರಬೇಕು, ಅದೂ ಈಗ ಇಲ್ಲವಾಗಿರಬೇಕು.

ನಮ್ಮದು ಎಲೆಯ ವ್ಯಾಪಾರದ ಮನೆ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಹುಬ್ಬಳ್ಳಿಯಿಂದ ಹಳೆಯ ಮೋಟಾರೊಂದನ್ನು ತಂದು ಹಾನಗಲ್, ಹಿರೇಕೆರೂರಿನ ಸಂತೆಗಳಿಗೆ ಎಲೆ ಸಾಗಿಸತೊಡಗಿದ. ಶೆಡ್ಡು ಕಟ್ಟಿಸಿದವನೂ ಅವನೇ. ಆದರೆ ಅವನ ಅಳತೆಯೆಲ್ಲ ಚಕ್ಕಡಿಯ ಅಳತೆ. ಚಕ್ಕಡಿಗೆ ಮುಂದೆ ನೊಗ ಚಾಚಲು ಉದ್ದ ಬೇಕು. ಮಗ್ಗುಲಿನಿಂದ ಯಾರೂ ಇಳಿಯುವುದಿಲ್ಲ, ಅಗಲ ಯಾಕೆ? ಹಾಗೇ ಕಟ್ಟಿಸಿದ. ಮೋಟಾರು ಒಳಗೆ ಹೋಯಿತು. ಮುಂದೆ ಒಂದು ಜೋಡಿ ಎತ್ತು ನಿಲ್ಲುವಷ್ಟು ಜಾಗ ಉಳಿಯಿತು, ಮೋಟಾರಿನ ಬಾಗಿಲು ಮಾತ್ರ ತೆರೆಯಲಿಲ್ಲ. ದೊಡ್ಡಪ್ಪ ಕ್ಯಾನ್ವಾಸಿನ ಹೊದಿಕೆ ಮಡಚಿ, ಧೋತರ ಎತ್ತಿಕಟ್ಟಿ, ಸೀಟು ದಾಟಿ ಹಿಂದಿನಿಂದ ಇಳಿಯಬೇಕಾಯಿತು. ಓಣಿಯೆಲ್ಲ ನಕ್ಕಿತು. ಅವನೂ ನಕ್ಕ, ಆದರೆ ಗೋಡೆ ಸರಿಸಲಿಲ್ಲ. ಸಂಜೆ ಹಾರ್ನು ಕೇಳಿದೊಡನೆ ದೊಡ್ಡವ್ವ ಕಾಲಿಗೆ ನೀರಿನ ತಂಬಿಗೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಲ್ಲುವಳು. ಅವನು ಏದುತ್ತ ಇಳಿಯುವುದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಮಕ್ಕಳಿಲ್ಲದ ಆ ಇಬ್ಬರ ದಿನದ ಸಂಭ್ರಮ ಅಷ್ಟೇ ಆಗಿತ್ತು.

ಯುದ್ಧ ಬಂತು, ಪೆಟ್ರೋಲು ಸಿಗದಾಯಿತು. ಸುಮ್ಮನೆ ಕೂತು ಗೊತ್ತಿಲ್ಲದ ದೊಡ್ಡಪ್ಪ ಮಿಲಿಟರಿ ಲಾರಿ ನಡೆಸಲು ಸೇರಿ, ಬರ್ಮಾದ ಕಡೆ ಹೋದ. ಕೆಲವು ಕಾಲ ಕಾಗದ ಬಂದವು, ಆಮೇಲೆ ನಿಂತವು. ಊರಿನವರು ಪಿಸುಗುಟ್ಟಿದರು. ದೊಡ್ಡವ್ವನ ಬಳೆಗಳತ್ತ ನೋಡಿ ಮಾತು ನುಂಗಿಕೊಂಡರು. ಆ ಮಳೆಗಾಲದಲ್ಲೇ ಶೆಡ್ಡಿನ ಒಂದು ಮಣ್ಣುಗೋಡೆ ಕುಸಿಯಿತು, ಮನೆಯಲ್ಲಿ ಜಗಳವೂ ಹುಟ್ಟಿತು.

"ಎಷ್ಟಂತ ತ್ಯಾಪಿ ಹಚ್ಚೂದ್ರಿ ವೈನಿ? ಪೂರಾ ಕೆಡವಿ ಅಗಲಾಗಿ ಕಟ್ಟೋಣು," ಅಂದ ಅಪ್ಪ.

"ಬಿದ್ದ ಗ್ವಾಡಿ ಅಷ್ಟ ಎಬ್ಬಿಸಪಾ ತಮ್ಮಾ. ಅವ್ರು ಕಟ್ಟಿಸಿದ್ದನ್ನ ಅವ್ರು ಇಲ್ಲದಾಗ ಕೆಡವಿದ್ರ, ಇನ್ನ ಬರಂಗಿಲ್ಲ ಅಂತ ನಾವ ಹೇಳಿದಂಗ ಆಕ್ಕೈತಿ," ಅಂದಳು ದೊಡ್ಡವ್ವ.

ಶ್ರಾವಣವೆಲ್ಲ ಇದೇ ಆಯಿತು. ಅಪ್ಪ ಹಟಮಾರಿ, ದೊಡ್ಡವ್ವ ಮೌನಿ. ಮೌನಿಗಳ ಹಟ ಇನ್ನೂ ಗಟ್ಟಿ. ಕೊನೆಗೆ ಆ ಶೆಡ್ಡು ಕಟ್ಟಿದ್ದ ಗೌಂಡಿ ಇಮಾಮಸಾಬನನ್ನೇ ಕರೆಸಿದರು. ಅವನು ಉಳಿದ ಗೋಡೆಗೆ ಬೆರಳು ಒತ್ತಿದ. ಬೆರಳು ಒಳಗೇ ಇಳಿಯಿತು. ಅಪ್ಪ "ನೋಡ್ರಿ" ಎನ್ನುವಂತೆ ಕೈಯೆತ್ತಿದ. ಇಮಾಮಸಾಬ ಅವನ ಕಡೆ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು ಎಲೆಗೆ ಸುಣ್ಣ ಸವರಿದ, ಮಡಚಿದ, ಬಾಯಿಗಿಟ್ಟುಕೊಂಡ.

"ಯವ್ವಾ, ಸಾವಕಾರ್ರು ಈಗ ಲಾರಿ ಹೊಡ್ಯಾಕತ್ತಾರಲ್ರಿ? ಬರೂಮುಂದ ಲಾರೀನ ತಂದ್ರ, ಈ ಸಂದ್ಯಾಗ ಹಿಡಸ್ತೈತೇನ್ರಿ?"

ದೊಡ್ಡವ್ವ ಆ ಇಕ್ಕಟ್ಟಿನೊಳಗೆ ಬಹಳ ಹೊತ್ತು ನೋಡಿದಳು.

"ಲಾರಿ ಎಷ್ಟ ಅಗಲ ಇರತೈತಿ, ಇಮಾಮಸಾಬ?"

ಅವನು ಎರಡೂ ಕೈ ಚಾಚಿ, ಸಾಲದೆನಿಸಿ, ನನ್ನನ್ನು ಕರೆದು ತನ್ನ ಮಗ್ಗುಲಲ್ಲಿ ನಿಲ್ಲಿಸಿ ನನ್ನ ಕೈಗಳನ್ನೂ ಚಾಚಿಸಿದ.

"ಎರಡೂ ಕಡೆ ಬಾಗಲಾ ತೆಗ್ಯಾಕ ಬರಬೇಕು, ಹಂಗ ಅಳತಿ ಹಿಡಿ," ಅಂದಳು. ಅಪ್ಪ ಮುಖ ತಿರುಗಿಸಿಕೊಂಡು ಹಿತ್ತಲಿಗೆ ಹೋದ. ಇಮಾಮಸಾಬ ಅದನ್ನು ಕನಿಕರದಿಂದ ಹೇಳಿದನೋ, ನಂಬಿಯೇ ಹೇಳಿದನೋ, ನನಗೆ ಇವತ್ತಿಗೂ ತಿಳಿಯದು. ಯಾವುದಾದರೂ ಸರಿ, ಅವನ ಮೇಲೆ ನನಗೆ ಪ್ರೀತಿಯಿದೆ.

ದೀಪಾವಳಿಯ ಹೊತ್ತಿಗೆ ತಗಡು ಹೊದಿಸಿದ, ಎತ್ತರದ ಜೋಡಿಬಾಗಿಲಿನ ಹೊಸ ಶೆಡ್ಡು ಎದ್ದಿತು. ನಮ್ಮ ಮುದಿ ಮೋಟಾರು ಹೊಸ ಮನೆಗೆ ಬಂದ ಬಡ ನೆಂಟನ ಹಾಗೆ ಒಂದು ಮೂಲೆಯಲ್ಲಿ ಮುದುಡಿ ನಿಂತಿತು, ಬುಟ್ಟಿಗಳು ಗೋಡೆಗೆ ಒರಗಿದವು. ನಡುವಿನ ಜಾಗ ಲಾರಿಯದು. ದೊಡ್ಡವ್ವ ದಿನಾ ಅಲ್ಲಿ ಕಸ ಗುಡಿಸಿ ನೀರು ಚಿಮುಕಿಸುವಳು. ನಾನು ಕುಂಟಾಟಕ್ಕೆ ಗೆರೆ ಎಳೆದರೆ, "ಲಾರಿ ಬರತೈತಿ, ಸರದ ಆಡವಾ," ಎನ್ನುವಳು. ನಾನೂ ನಂಬಿದ್ದೆ. ತಗಡಿನ ಮೇಲೆ ಮಳೆ ಸುರಿಯುವಾಗ ಮೋಟಾರಿನಲ್ಲಿ ಮಲಗಿ ಕಿವಿಗೊಟ್ಟರೆ, ದೂರದಲ್ಲಿ ದೊಡ್ಡದೇನೋ ಗುಡುಗುಡು ಬರುತ್ತಿರುವಂತೆ ಕೇಳುತ್ತಿತ್ತು. ಯುದ್ಧ ಮುಗಿಯಿತು. ಶಿಗ್ಗಾಂವಿಯವನೊಬ್ಬ ಮರಳಿ ಬಂದ, ಚಿಕ್ಕೇರೂರಿನವನೊಬ್ಬ ಬಂದ. ದೊಡ್ಡವ್ವ ಅವರ ಹತ್ತಿರ ದೊಡ್ಡಪ್ಪನ ಸುದ್ದಿ ಕೇಳಿಸಿ ನೋಡಿದಳು. ಆಮೇಲೆ ಕೇಳುವುದನ್ನು ಬಿಟ್ಟಳು, ಗುಡಿಸುವುದನ್ನು ಬಿಡಲಿಲ್ಲ.

ಮುಂದೊಂದು ಮಳೆಗಾಲ, ಜ್ವರದಲ್ಲಿ ಅವಳು ಹೋದಳು. ಬಂದ ಜನಕ್ಕೆ ಮನೆ ಸಾಲಲಿಲ್ಲ, ಹೊರಗೆ ಜಡಿಮಳೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸಿ ಸಿಂಗರಿಸುತ್ತೇವೆ. ಎಲ್ಲಿ ಕುಳ್ಳಿರಿಸುವುದೆಂದು ಹಿರಿಯರು ಕೇಳಿದಾಗ, ಅಪ್ಪ ಹೋಗಿ ಶೆಡ್ಡಿನ ಎರಡೂ ಬಾಗಿಲು ಪೂರಾ ತೆರೆದ. ಇಮಾಮಸಾಬ ನಡುವಿನ ಜಾಗ ಗುಡಿಸಿದ. ಹಣೆಗೆ ವಿಭೂತಿ ಹಚ್ಚಿ, ಹೂ ಮುಡಿಸಿ, ಅವಳನ್ನು ಅಲ್ಲಿ ರಸ್ತೆಯ ಕಡೆ ಮುಖ ಮಾಡಿ ಕೂರಿಸಿದರು. ಬಳೆ ಇರಬೇಕೋ ಬೇಡವೋ ಎಂದು ಯಾರೋ ಮೆಲ್ಲಗೆ ಕೇಳಿದರು.

"ಇರಲಿ," ಅಂದ ಅಪ್ಪ.

ನಾನು ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಅವಳ ಮಗ್ಗುಲಲ್ಲಿ ಇಟ್ಟೆ. ಯಾರೂ ಅದನ್ನು ತೆಗೆಯಲಿಲ್ಲ.