ಹೆಣ್ಣು ನೋಡುವ ದಿನ ನಮ್ಮ ಮನೆಗೆ ಬರುತ್ತಿದ್ದ ಅಕ್ಕ

ಕಳೆದ ವಾರ ಶ್ರೀರಂಗಪಟ್ಟಣದ ನಮ್ಮ ಮನೆಗೆ ಮಹಡಿಯಿಂದ ತುಪ್ಪದಲ್ಲಿ ಲವಂಗ ಹುರಿದ ವಾಸನೆ ಇಳಿದು ಬಂತು. ಕೇಸರಿಬಾತು. ಮೇಲಿನ ಮನೆಯ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒಳ್ಳೆಯದಾಗಲಿ ಅಂದುಕೊಳ್ಳುವ ಮೊದಲೇ ನನಗೆ ಬಂದ ಯೋಚನೆ, ಇವತ್ತು ಇವರು ಯಾರನ್ನು ಎಲ್ಲಿಗೆ ಸಾಗಹಾಕಿದ್ದಾರೋ ಅಂತ. ನನ್ನದು ಅನುಮಾನದ ಬುದ್ಧಿ. ಅದು ಅಂಟಿಕೊಂಡಿದ್ದು ತೊಂಬತ್ತರ ದಶಕದಲ್ಲಿ, ಬೂಕನಕೆರೆಯಲ್ಲಿ, ಪಕ್ಕದ ಮರಗೆಲಸದ ಆಚಾರ್ರ ಮನೆಯ ಅಕ್ಕನಿಂದ...

ನಾನು ಆಗಷ್ಟೇ ಆ ಬೀದಿಗೆ ಸೊಸೆಯಾಗಿ ಬಂದಿದ್ದೆ. ಅಕ್ಕ ಆ ಮನೆಯ ಹಿರಿಯ ಮಗಳು. ಹುಟ್ಟಿದಾಗಿನಿಂದ ಅವಳ ಕೈ ನಡುಗುತ್ತಿತ್ತು, ಮಾತಾಡುವಾಗ ಬಾಯಿ ಒಂದು ಕಡೆಗೆ ಎಳೆಯುತ್ತಿತ್ತು. ಅವಳ ಮಾತು ಮುಗಿಯುವಷ್ಟರಲ್ಲಿ ಕೇಳುವವರು ಎದ್ದು ಹೋಗಿರುತ್ತಿದ್ದರು. ತಂಗಿಗೆ ಗಂಡು ಹುಡುಕುತ್ತಿದ್ದ ಕಾಲವದು. ಗಂಡಿನವರು ಬರುವ ದಿನ ಅವರಮ್ಮ ಹಿತ್ತಿಲ ದಾರಿಯಿಂದ ಅಕ್ಕನನ್ನು ಕರೆತಂದು ನಮ್ಮ ಅಡುಗೆಮನೆಯಲ್ಲಿ ಕೂರಿಸಿ ಹೋಗುತ್ತಿದ್ದರು. ವಂಶದಲ್ಲೇ ಇದೆ ಅಂದುಬಿಟ್ಟರೆ ಎಂಬ ಭಯ. ಆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳೇ ಅಕ್ಕ. ಧಾರೆಯ ಹೊತ್ತಿಗೆ ತಂಗಿಯ ಪಕ್ಕ ನಿಂತಿರಬೇಕು ಎನ್ನುವುದೊಂದೇ ಅವಳ ಆಸೆ.

ಒಂದು ಸಲ ಸಿಂಧಘಟ್ಟದವರು ಬಂದರು. ಗಂಡಿನ ತಾಯಿ ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಬಂದರು. ಕೈಗಿಂತ ಕಣ್ಣಿಗೇ ಅವರಿಗೆ ಹೆಚ್ಚು ಕೆಲಸ. ತಂತಿಯ ಮೇಲೆ ಒಣಗುತ್ತಿದ್ದ ಒಂದು ರವಿಕೆ ಹಿಡಿದು ನಿಂತರು.

"ಇದ್ಯಾರ್ದವ್ವ? ಹುಕ್ಕು ಇಲ್ದೆ ಲಾಡಿ ಕಟ್ಟವ್ರೆ?"

"ಕೆಲ್ಸದೋಳ್ದು," ಅಂದರು ಅಕ್ಕನ ತಾಯಿ.

ನಮ್ಮ ಅಡುಗೆಮನೆಗೆ ಅದು ಕೇಳಿಸಿತು. ನಡುಗುವ ಬೆರಳಿಗೆ ಹುಕ್ಕು ಸಿಗುವುದಿಲ್ಲವೆಂದು ಅಕ್ಕನ ರವಿಕೆಗಳಿಗೆಲ್ಲ ಲಾಡಿ ಇರುತ್ತಿತ್ತು. ಬೇಡ ಅಕ್ಕ ಅಂದೆ. ಅವಳು ಎದ್ದು, ಗೋಡೆ ಹಿಡಿದುಕೊಂಡು ಹೋಗಿ ಗಂಡಿನ ತಾಯಿಯ ಮುಂದೆ ನಿಂತಳು. ಮಾತು ಹೊರಡಲು ತುಂಬಾ ಹೊತ್ತಾಯಿತು.

"ಅದು ನಂದು ಕಣವ್ವ. ನಾನು ಈ ಮನೆ ದೊಡ್ಮಗ್ಳು."

ಆಕೆ ಅಕ್ಕನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು. ರವಿಕೆಯನ್ನು ತಂತಿಯ ಮೇಲೆ ಬಿಟ್ಟು ಹೊರಟುಹೋದರು. ಸಂಬಂಧ ಮುರಿಯಿತು ಅಂತಲೇ ಎಲ್ಲರೂ ಅಂದುಕೊಂಡೆವು.

ಆದರೆ ವಾರದೊಳಗೆ ಒಪ್ಪಿಗೆ ಬಂತು. ಬೀದಿಗೆ ಬೀದಿಯೇ ಅನುಮಾನಪಟ್ಟಿತು. ಗಂಡು ಕುಡಿಯುತ್ತಾನಾ? ಇನ್ನೆಲ್ಲೋ ಸಂಸಾರ ಇದೆಯಾ? ಇಷ್ಟೆಲ್ಲ ನೋಡಿಯೂ ಒಪ್ಪುವವರು ಇದ್ದಾರೆ ಎಂದು ನಂಬಲು ಯಾರಿಗೂ ಮನಸ್ಸಿರಲಿಲ್ಲ, ನನಗೂ. ಅಕ್ಕನ ಅಪ್ಪ ಹೇಳದೆ ಕೇಳದೆ ಸಿಂಧಘಟ್ಟಕ್ಕೆ ಹೋದರು. ಅವರ ಮನೆ ಹಿಂದಿನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತಂತೆ. ಒಳಗೆ ಗಂಡಿನ ತಮ್ಮ. ಕಿವಿ ಕೇಳದ, ಮಾತು ಬಾರದ ಹುಡುಗ.

"ನಿಮ್ಮನೇಲೂ ಒಬ್ಳವ್ಳೆ, ನಮ್ಮನೇಲೂ ಒಬ್ನವ್ನೆ. ಸರೋಯ್ತು ಬುಡಿ," ಅಂದರಂತೆ ಗಂಡಿನ ತಾಯಿ.

ಇನ್ನು ಮುಚ್ಚಿಡುವುದಕ್ಕೇನಿದೆ ಎಂದು ನನಗೆ ಖುಷಿಯಾಯಿತು. ಅಕ್ಕ ಧಾರೆಗೆಂದು ಹಸಿರು ಸೀರೆ ಆರಿಸಿಕೊಂಡಳು. ಆದರೆ ಎರಡೂ ಮನೆಯ ಹಿರಿಯರು ಕೂತು ಮಾತಾಡಿದ್ದೇ ಬೇರೆ. ಮದುವೆಗೆ ಇವಳೂ ಬೇಡ, ಅವನೂ ಬೇಡ, ನೆಂಟರ ಬಾಯಿ ಮುಚ್ಚಿಸಲು ಯಾರಿಂದಾಗುತ್ತೆ ಅಂತ. ಗಂಟಿರುವ ಹಲಗೆಯನ್ನು ಗೋಡೆ ಕಡೆಗೆ ತಿರುಗಿಸಿ ಕೂರಿಸುವ ಹಾಗೆ ಇಬ್ಬರನ್ನೂ ತಿರುಗಿಸಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಗುಟ್ಟು ಗೊತ್ತಿಲ್ಲದವರಿಗಿಂತ ಗೊತ್ತಿದ್ದವರೇ ಕಟುಕರು ಅನ್ನಿಸಿತು.

ಮದುವೆಯ ದಿನ ನಾನು ಹೋಗಲಿಲ್ಲ. ಅಕ್ಕ ಹಸಿರು ಸೀರೆ ಉಟ್ಟುಕೊಂಡೇ ನಮ್ಮ ಅಡುಗೆಮನೆಯಲ್ಲಿ ಕೂತಿದ್ದಳು. ದೂರದಲ್ಲಿ ಗಟ್ಟಿಮೇಳ ಕೇಳಿತು. ಅಳುತ್ತಾಳೆ ಅಂದುಕೊಂಡೆ. ಅವಳು ಕೇಳಿದ್ದು ಬೇರೆ.

"ಅಮ್ಮಿ... ಆ ಹುಡುಗ್ನ ಇವತ್ತು ಯಾರ ಮನೇಲಿ ಬುಟ್ಟವ್ರೆ?"

ನನಗೆ ಗೊತ್ತಿರಲಿಲ್ಲ. ಅವಳು ಬದುಕಿದ್ದಷ್ಟು ದಿನವೂ ಆ ಹುಡುಗನನ್ನು ನೋಡಲಿಲ್ಲ.

ಅಕ್ಕ ಹೋಗಿ ಈಗ ವರ್ಷಗಳಾದವು. ಮೊನ್ನೆ ಅವಳ ತಂಗಿ ಫೋನ್ ಮಾಡಿದ್ದಳು. ಅವಳಿಗೂ ವಯಸ್ಸಾಗುತ್ತಿದೆ, ದನಿ ಒಡೆದಿತ್ತು.

"ಅಕ್ಕನ್ ಫೋಟ ನಿಮ್ತಾವ ಇದ್ರೆ ಕೊಡಿ. ಗೋಡೆಗ್ ಆಕ್ಬೇಕು. ನಮ್ಮನೇಲಿ ಒಂದೂ ಇಲ್ಲ."

ಹಳೆಯ ಪೆಟ್ಟಿಗೆಗಳನ್ನೆಲ್ಲ ತೆಗೆದು ಹುಡುಕಿದೆ. ಅಕ್ಕನ ಫೋಟೋ ಯಾರೂ ತೆಗೆದೇ ಇರಲಿಲ್ಲ.