ಹಿತ್ತಾಳೆ ಹಳಿಗೆ ಹುಣಸೆಹಣ್ಣು

ನಮ್ಮ ಹಿತ್ತಲಲ್ಲಿ ಒಂದು ರೈಲು ಇತ್ತು. ಆಟದ ರೈಲು ಎಂದರೆ ಯಜಮಾನರಿಗೆ ಆಗುತ್ತಿರಲಿಲ್ಲ. "ಆಟದ್ದಲ್ಲ, ಸಣ್ಣದು ಅನ್ನು" ಎಂದು ತಿದ್ದುವರು. ಅವರು ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯಲ್ಲಿ ಟೂಲ್ ರೂಮಿನ ಕೆಲಸಗಾರ. ಹೈದರಾಬಾದಿನ ಬೇಗಂಪೇಟೆಯಿಂದ ಇನ್ನಷ್ಟು ಆಚೆ ನಮ್ಮ ಕ್ವಾರ್ಟರ್ಸು. ಹನ್ನೊಂದು ವರ್ಷ ಪ್ರತಿ ಭಾನುವಾರ ಕೂತು, ಹಿತ್ತಾಳೆ ಪಟ್ಟಿಯನ್ನು ತೇದು ತೇದು ಹಳಿ ಮಾಡಿ, ತೇಗದ ಚೂರುಗಳ ಮೇಲೆ ಸಣ್ಣ ಕಬ್ಬಿಣದ ಮೊಳೆ ಹೊಡೆದು ಕೂರಿಸಿದ್ದರು. ಹಳಿ ಪೇರಲ ಗಿಡವನ್ನು ಸುತ್ತಿ, ಬಟ್ಟೆ ಒಗೆಯುವ ಕಲ್ಲಿನ ಮೋರಿಯನ್ನು ಒಂದು ಸೇತುವೆ ಮೇಲೆ ದಾಟಿ, ಅಡುಗೆಮನೆ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಗೇಣುದ್ದದ ಸ್ಟೇಷನ್ನು. ಅದರ ಫಲಕದ ಮೇಲೆ ನಮ್ಮೂರ ಹೆಸರು, ಗದಗ ಎಂದು ಬರೆದಿದ್ದರು. ಎಂಜಿನ್ನೂ ಹಿತ್ತಾಳೆಯದೇ, ಮೊಳದುದ್ದ ಇತ್ತು. ಹೊಟ್ಟೆಯಲ್ಲಿ ಒಂದು ಮೋಟಾರು, ಹಳಿಯಿಂದಲೇ ಕರೆಂಟು.

ನಾನೇನು ಆ ರೈಲನ್ನು ತಲೆ ಮೇಲೆ ಹೊತ್ತು ಮೆರೆಸಿದವಳಲ್ಲ. ಕರಿಬೇವು ಹಚ್ಚಲು ಒಂದು ಮೂಲೆ ಸಿಗಲಿಲ್ಲವೆಂದು ವರ್ಷಗಟ್ಟಲೆ ಜಗಳ ತೆಗೆದಿದ್ದೇನೆ. ಒದ್ದೆ ಸೀರೆ ಹಿಂಡುವಾಗ ಹನಿ ಹಳಿಯ ಮೇಲೆ ಬಿದ್ದರೆ ಒಳಗಿನಿಂದಲೇ ಅವರ ದನಿ ಕೇಳುತ್ತಿತ್ತು. "ನಿಮ್ಮ ಗಾಡಿಗೆ ನೆಗಡಿ ಆಗತೈತೇನ್ರಿ" ಎಂದು ನಾನೂ ಬಿಡುತ್ತಿರಲಿಲ್ಲ. ಹಾಗೆ ನಡೆದಿತ್ತು ಸಂಸಾರ.

ಹೈದರಾಬಾದಿನ ಚಳಿ ದೊಡ್ಡ ಚಳಿಯೇನಲ್ಲ. ಆದರೆ ದೀಪಾವಳಿ ಮುಗಿಯುತ್ತಲೇ ಬೆಳಗಿನ ಇಬ್ಬನಿ ಶುರುವಾಗುತ್ತದೆ, ಕರಾವಳಿಯ ಕಡೆ ತುಫಾನು ಎದ್ದರೆ ಅದರ ಬಾಲ ಇಲ್ಲಿಯವರೆಗೂ ಬಂದು ಎರಡು ದಿನ ಜಿಟಿಜಿಟಿ ಮಳೆ ಹೊಡೆಯುತ್ತದೆ. ಅಷ್ಟಕ್ಕೆ ಮೊದಲೇ ರೈಲನ್ನು ಚಳಿಗಾಲಕ್ಕೆ ಸಿದ್ಧಮಾಡುವುದು ಅವರ ಕ್ರಮ. ಎರಡು ಭಾನುವಾರ ಹಿತ್ತಲಲ್ಲೇ ಇರುತ್ತಿದ್ದರು. ಏನು ಮಾಡುತ್ತಿದ್ದರು ಎಂದು ನಾನು ಒಂದು ದಿನವೂ ಎದ್ದು ನೋಡಲಿಲ್ಲ. ಸಂಜೆ ಒಳಗೆ ಬಂದಾಗ ಮೈಯೆಲ್ಲ ಸೀಮೆಎಣ್ಣೆ ನಾತ, ಬಿಸಿನೀರು ಕೊಡುತ್ತಿದ್ದೆ. ಆ ಕೆಲಸದ ಬಗ್ಗೆ ನನಗೆ ಗೊತ್ತಿದ್ದುದು ಅಷ್ಟೇ.

ಆ ವರ್ಷ ಗಣಪತಿ ಹಬ್ಬ ಮುಗಿದ ವಾರದಲ್ಲಿ ಅವರಿಗೆ ಲಕ್ವ ಹೊಡೆಯಿತು. ಹಲ್ಲುಜ್ಜುತ್ತಿದ್ದವರು ಅಲ್ಲೇ ಕುಸಿದರು. ಬಲಗೈ, ಬಲಗಾಲು, ಮಾತು ಮೂರೂ ಒಂದೇ ಬೆಳಿಗ್ಗೆ ಹೋದವು. ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಏನು ಕೇಳಿದರೂ ಗಂಟಲಿನಿಂದ ಒಂದೇ ಗೊರಗೊರ ಸದ್ದು. ಕತ್ತು ಅಲುಗಿದರೂ ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಈ ಕಾಯಿಲೆಯಲ್ಲಿ ಸುಮ್ಮಸುಮ್ಮನೆ ಅಳು ಬರುತ್ತದಮ್ಮಾ, ಕಾರಣ ಇರುವುದಿಲ್ಲ, ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದ್ದರು. ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದೆ.

ಮನೆಗೆ ಬಂದ ಮೇಲೆ ಗೋಡೆ ಕಡೆ ತಿರುಗಿ ಮಲಗಿದವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತುತ್ತು ಬಾಯಿಗಿಟ್ಟರೆ ಹೊರಗೇ ಬರುತ್ತಿತ್ತು. ಒಂದು ದಿನ ಸಾಕಾಗಿ, ಬೆತ್ತದ ಕುರ್ಚಿಯಲ್ಲಿ ಕೂರಿಸಿ ಹಿಂದಿನ ವರಾಂಡಕ್ಕೆ ಎಳೆದುಕೊಂಡು ಹೋದೆ. ಹಳಿ ಕಂಡದ್ದೇ ತಡ, ಬಾಯಿ ತೆರೆದರು. ಅವತ್ತು ಒಂದು ಬಟ್ಟಲು ಗಂಜಿ ಪೂರ್ತಿ ಹೋಯಿತು. ಈ ರೈಲು ಇರುವ ತನಕ ಈ ಮನುಷ್ಯ ಇರುತ್ತಾನೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅವರ ಜೊತೆ ಟೂಲ್ ರೂಮಿನಲ್ಲಿದ್ದ ಗೆಳೆಯರೊಬ್ಬರು ಮೆಹದಿಪಟ್ಟಣದಿಂದ ಎರಡು ಬಸ್ಸು ಬದಲಿಸಿ ಬಂದು ನೋಡಿಕೊಂಡು ಹೋಗುತ್ತಿದ್ದರು. ಹುಟ್ಟೂರು ಗುಲ್ಬರ್ಗಾ, ಕನ್ನಡ ನಮ್ಮಷ್ಟೇ ಚೆನ್ನಾಗಿ ಆಡುವರು. ಸಿಟ್ಟು ಬಂದರೆ ಮಾತ್ರ ಉರ್ದು. ನಾನು ಅವರನ್ನು ಭಾಯಿ ಅನ್ನುತ್ತಿದ್ದೆ, ಅವರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಿದ್ದರು. ಕಾರ್ಖಾನೆ ಕೆಲಸದ ಮೇಲೆ ಅವರು ಉತ್ತರದ ಕಡೆ ಹೋಗಬೇಕಾಗಿ ಬಂತು. ಹೊರಡುವ ಮುಂಚೆ ಬಂದು ಹೇಳಿದರು: "ಸಂಕ್ರಮಣಕ್ಕ ಬಂದಬಿಡ್ತೀನ್ರಿ ವೈನಿ. ಬಂದ ದಿನಾನ ಗಾಡಿ ಓಡಸೋಣು. ಗಾಡಿ ಒಂದ ಸುತ್ತ ಹೊಡೀತಂದ್ರ ಇವರ ಬಾಯಾಗ ಮಾತ ಬರತಾವು, ನೋಡೀರಂತ."

ಸಂಕ್ರಮಣಕ್ಕೆ ಗಾಡಿ ಓಡುತ್ತದೆ, ಇವರು ಮಾತಾಡುತ್ತಾರೆ. ಬೇರೇನೂ ಬೇಕಿರಲಿಲ್ಲ ನನಗೆ. ಏಳುವಾಗ ಅದೇ, ಮಲಗುವಾಗ ಅದೇ.

ದೀಪಾವಳಿ ಆಯಿತು. ಇಬ್ಬನಿ ಬೀಳತೊಡಗಿತು. ಆ ವರ್ಷ ಮುಟ್ಟುವವರಿಲ್ಲದೆ ಹಳಿ ಕಪ್ಪಿಟ್ಟಿತ್ತು. ಒಲೆ ಮೇಲಿಟ್ಟ ಹಂಡೆಯ ತಳದ ಹಾಗೆ. ಅವರು ಅದನ್ನೇ ನೋಡುತ್ತ ಕೂರುತ್ತಿದ್ದರು. ಕ್ವಾರ್ಟರ್ಸಿನ ಗಂಡಸರನ್ನು ಕೇಳಬಹುದಿತ್ತು. ಆದರೆ ಹಿತ್ತಾಳೆ ಕೆಲಸಕ್ಕೆ ನಾನು ಯಾರನ್ನಾದರೂ ಯಾಕೆ ಕೇಳಲಿ? ತವರಲ್ಲಿ ದೇವರ ಮನೆಯ ಆಳುದ್ದದ ದೀಪದ ಸಮೆಗಳನ್ನು ಎಂಟನೇ ವಯಸ್ಸಿನಿಂದ ಬೆಳಗಿದವಳು ನಾನು. ನನ್ನ ಕೈಯಲ್ಲಿ ಬೆಳಗಿದ ಹಿತ್ತಾಳೆಯಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಬಹುದು ಎಂದು ಅತ್ತೆಯವರೇ ಹೊಗಳಿದ್ದುಂಟು.

ಬೇಗಂ ಬಜಾರಿಗೆ ಹೋಗಿ ಒಂದು ಚೀಲ ಹಳೇ ಹುಣಸೆಹಣ್ಣು ತಂದೆ. ಕಪ್ಪಾದ ಹಳೇ ಹುಣಸೆ ಹಿತ್ತಾಳೆಗೆ ಒಳ್ಳೆಯದು, ಹೊಸದು ಅಷ್ಟು ಹಿಡಿಯುವುದಿಲ್ಲ. ಕಲ್ಲುಪ್ಪು ಬೆರೆಸಿ ಕಲಸಿದೆ. ಅವರ ಕುರ್ಚಿಯನ್ನು ಮೆಟ್ಟಿಲ ಅಂಚಿಗೆ ತಂದು, ಶಾಲು ಹೊದಿಸಿ, "ಕುಂತ ನೋಡ್ರಿ, ನಿಮ್ಮ ಹಳಿ ಹೆಂಗ ಬಂಗಾರ ಆಗತೈತಿ" ಎಂದು ಸೆರಗು ಸಿಕ್ಕಿಸಿಕೊಂಡು ಕೂತೆ.

ಮೂರು ದಿನ ತಿಕ್ಕಿದೆ. ಮೊಣಕಾಲು ಸುಲಿದು ಹೋದವು. ಹಳಿಯ ಸಂದುಸಂದಿಗೂ, ಜೋಡಣೆಯ ಒಳಗೂ ಹುಣಸೆ ತುರುಕಿ, ತೆಂಗಿನ ನಾರಿನಿಂದ ಉಜ್ಜಿ, ಆಮೇಲೆ ಕೊಡಗಟ್ಟಲೆ ನೀರು ಸುರಿದೆ. ಕಪ್ಪು ಬಿಟ್ಟು ಕೆಂಪಗೆ, ಕೆಂಪು ಬಿಟ್ಟು ಹಳದಿ. ಬೇಗಂಪೇಟೆಗೆ ಇಳಿಯುವ ವಿಮಾನದ ಜನಕ್ಕೂ ಕಾಣಬೇಕು, ಹಾಗೆ ಹೊಳೆಯಿತು.

ಮೊದಲ ದಿನವೇ ಅವರ ಕಣ್ಣಲ್ಲಿ ನೀರು ಬಂತು. ಹೋಗಿ ಸೆರಗಿನಿಂದ ಒರೆಸಿದೆ. "ಡಾಕ್ಟರ್ ಹೇಳ್ಯಾರ್ರಿ, ಅಳು ತಾನ ಬರತೈತಂತ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದು ಅವರಿಗೇ ಸಮಾಧಾನ ಹೇಳಿ ಬಂದು ಮತ್ತೆ ತಿಕ್ಕಿದೆ. ಎರಡನೆಯ ದಿನ ಎಡಗೈಯಿಂದ ಕುರ್ಚಿಯ ಹಿಡಿ ಬಡಿಯತೊಡಗಿದರು. ನಾನು ಕೆಲಸ ಮಾಡುತ್ತ ಒಂದು ದೇವರನಾಮ ಗುನುಗುತ್ತಿದ್ದೆ. ತಾಳ ಹಾಕುತ್ತಿದ್ದಾರೆ ಎಂದುಕೊಂಡು ದನಿ ಏರಿಸಿದೆ. ಬಡಿತವೂ ಏರಿತು. ಎಷ್ಟು ಖುಷಿಯಾಯಿತೋ ನನಗೆ, ಹೇಳಲಾರೆ. ಎರಡು ತಿಂಗಳಲ್ಲಿ ಮೊದಲ ಸಲ ಗಂಡನ ಜೊತೆ ಏನೋ ಒಂದು ಮಾಡುತ್ತಿದ್ದೇನೆ ಅನಿಸಿತು.

ಮೂರನೆಯ ದಿನ ಎಂಜಿನ್ನನ್ನು ಹೊರಗೆ ತಂದೆ. ಪಕ್ಕದಲ್ಲಿ ಹಾದುಹೋಗುವಾಗ ಅವರು ಎಡಗೈಯಲ್ಲಿ ನನ್ನ ಸೆರಗು ಹಿಡಿದರು. ಗಟ್ಟಿಯಾಗಿ ಹಿಡಿದಿದ್ದರು. ನೀರಡಿಕೆ ಇರಬೇಕೆಂದು ನೀರು ಕುಡಿಸಿದೆ. ಬಿಡಲಿಲ್ಲ. ಚಹಾ ಮಾಡಿಕೊಟ್ಟೆ. ಅರ್ಧ ಚಹಾ ಗಲ್ಲದ ಮೇಲೆ ಹರಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಎಲ್ಲಿಗೂ ಹೋಗೂದಿಲ್ರಿ, ಇಲ್ಲೇ ಅದೀನಿ" ಎಂದು ಹೇಳಿ, ಎಂಜಿನ್ನಿಗೂ ಹುಣಸೆ ಹಚ್ಚಿ, ನಲ್ಲಿಯ ಕೆಳಗೆ ಹಿಡಿದು ತೊಳೆದು, ಬಿಸಿಲಿಗೆ ಬೋರಲು ಹಾಕಿದೆ.

ಒಣಗಿದ ಮೇಲೆ ಹಳಿಯ ಉದ್ದಕ್ಕೂ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆಲ್ಲ ಇಟ್ಟಿಗೆ ಇಟ್ಟೆ, ಗಾಳಿಯೂ ಹೋಗದ ಹಾಗೆ. ಅದಾದ ವಾರಕ್ಕೆ ತುಫಾನಿನ ಮಳೆ ಬಂತು. ನಾನು ನಿಶ್ಚಿಂತೆಯಿಂದ ಇದ್ದೆ. ಪಕ್ಕದ ಮನೆಯ ತೆಲುಗಿನಾಕೆ, ಗಂಡಸಿನ ಕೆಲಸ ಎಷ್ಟು ಅಚ್ಚುಕಟ್ಟಾಗಿ ಮಾಡಿದೆಯಮ್ಮಾ ಎಂದಾಗ ಸಂಕೋಚದ ಜೊತೆಗೆ ಒಂದಿಷ್ಟು ಜಂಬವೂ ಬಂತು. ಆದರೆ ಯಜಮಾನರು ಮತ್ತೆ ಊಟ ಬಿಟ್ಟರು. ವರಾಂಡದಲ್ಲಿ ಕೂರಿಸಿದರೂ ಮುಖ ತಿರುಗಿಸುವರು. ಹಳಿ ಮುಚ್ಚಿದ್ದಕ್ಕೆ ಬೇಜಾರು, ಸಂಕ್ರಮಣಕ್ಕೆ ತೆಗೆದರೆ ಸರಿಹೋಗುತ್ತದೆ ಎಂದು ದಿನ ತಳ್ಳಿದೆ.

ಸಂಕ್ರಮಣದ ದಿನ ಬೆಳಿಗ್ಗೆ ಭಾಯಿ ಬಂದರು. ನಾನು ಸಜ್ಜೆ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಯಜಮಾನರನ್ನು ಹೊರಗೆ ಕೂರಿಸಿ, ಇಟ್ಟಿಗೆ ಸರಿಸಿದೆ. ಹಾಳೆಯ ಒಳಮೈಯಿಂದ ನೀರು ತೊಟ್ಟಿಕ್ಕಿತು. ಕೆಳಗೆ ಹಳಿ ಹಸಿರಾಗಿತ್ತು. ಪಾಚಿ ಹಸಿರಲ್ಲ, ತಾಮ್ರದ ಕಿಲುಬಿನ ಹಸಿರು, ಸಂದುಸಂದಿನಲ್ಲಿ ಹುಡಿಹುಡಿಯಾಗಿ. ಭಾಯಿ ಬೆರಳಲ್ಲಿ ಮುಟ್ಟಿದರು. ಹಳಿ ಮರದಿಂದ ಎದ್ದು ಬಂತು. ಮೊಳೆಗಳೆಲ್ಲ ತುಕ್ಕು ಹಿಡಿದು ಪುಡಿಯಾಗಿದ್ದವು. ಹಳಿಗೆ ಕರೆಂಟು ಕೊಡುವ ತಂತಿಯ ಬೆಸುಗೆಗಳು ಬಿಟ್ಟುಹೋಗಿದ್ದವು. ಎಂಜಿನ್ನಿನ ತಳ ಬಿಚ್ಚಿದರು. ಒಳಗಿನ ಮೋಟಾರು ಕೆಂಪು ತುಕ್ಕಿನ ಗಟ್ಟಿ.

"ಯೇ ಕ್ಯಾ ಹೋಗಯಾ" ಎಂದರು ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿ, "ಏನ ಹಚ್ಚೀರಿ ವೈನಿ ಇದಕ್ಕ?"

"ಹುಣಸಿಹಣ್ಣು. ಉಪ್ಪು ಹಾಕಿ. ಸಮೆ ಬೆಳಗೂ ಹಂಗ."

ಅವರು ಮೊಳೆಯ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಹುಳಿ ಒಳಗ ಉಳಿದ್ರ ಕಬ್ಬಿಣ ತಿಂತದರಿ. ಇವರು ನೀರ ಸುದ್ದಾ ಮುಟ್ಟಸ್ತಿದ್ದಿಲ್ಲ. ಸೀಮಿಎಣ್ಣಿ ಅರಿವಿಲೆ ಒರಸೋದು, ಮ್ಯಾಲ ಮಷೀನ ಎಣ್ಣಿ. ಅಷ್ಟ. ಮುಚ್ಚಿದ್ರೂ ಗಾಳಿ ಆಡೂವಂಗ ಮುಚ್ಚೋರು."

"ಯಾರ್ನ ಕೇಳಬೇಕಿತ್ರಿ ನಾ?" ನನಗೆ ಸಿಟ್ಟೇ ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. "ನೀವು ಊರಾಗ ಇಲ್ಲ. ಇವರಿಗೆ ಬಾಯಿಲ್ಲ."

ಭಾಯಿ ಹೋಗಿ ಕುರ್ಚಿಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಅವರ ತಂದೆಗೂ ಇದೇ ಲಕ್ವ ಹೊಡೆದಿತ್ತಂತೆ, ಆರು ವರ್ಷ ಹಾಸಿಗೆ. ಯಜಮಾನರ ಎಡಗೈ ಹಿಡಿದು ಕೇಳಿದರು: "ದೋಸ್ತ, ನನ್ನ ಮಾತ ತಿಳೀತದೇನು? ಹೌದಂದ್ರ ಕಣ್ಣ ಮುಚ್ಚು. ಅಲ್ಲಂದ್ರ ತಗದ ಇಡು."

ಅವರು ಕಣ್ಣು ಮುಚ್ಚಿದರು.

"ಇವತ್ತ ದೀಪಾವಳಿ ಏನು?"

ತೆರೆದೇ ಇಟ್ಟರು.

"ಸಂಕ್ರಮಣ?"

ಮುಚ್ಚಿದರು.

"ಮೋಟಾರ ಮತ್ತ ನಡೀತದೇನು?"

ತೆರೆದೇ ಇಟ್ಟರು. ಭಾಯಿಯ ಮುಖವನ್ನೇ ನೋಡುತ್ತ.

ನಾಲ್ಕು ತಿಂಗಳು. ಎರಡು ಹೊತ್ತು ಉಣಿಸಿ, ಮೈ ತೊಳೆದು, ಬಟ್ಟೆ ಬದಲಿಸಿ, ದಿನವಿಡೀ ಅವರ ಕಿವಿಗೆ ಮಾತು ಸುರಿದಿದ್ದೆ. ತರಕಾರಿ ರೇಟು, ಪಕ್ಕದ ಮನೆ ಜಗಳ, ಊರಿಂದ ಬಂದ ಕಾಗದ. ಎಲ್ಲ ಹೇಳಿದ್ದೆ. ಅವರು ಉತ್ತರ ಕೊಡಬಲ್ಲಂಥ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಗಂಡನ ಒಳಗೆ ಗಂಡ ಪೂರ್ತಿ ಇದ್ದ. ನಾನು ಅವನ ಕಣ್ಣೆದುರೇ ಅವನ ಹನ್ನೊಂದು ವರ್ಷವನ್ನು ತಿಕ್ಕಿ ತೊಳೆದಿದ್ದೆ.

ಭಾಯಿಗೆ ಅರ್ಥವಾಗಿರಬೇಕು. "ಹಳೀ ಕೂಡಸಾಕ ಬರತದರಿ ವೈನಿ, ನಿದಾನಕ್ಕ" ಎನ್ನುತ್ತ, ಬಿಚ್ಚಿದ ಎಂಜಿನ್ನನ್ನು ಎತ್ತಿಕೊಂಡು ಪೇರಲ ಗಿಡದ ಕಡೆ ಹೋಗಿ ನಮಗೆ ಬೆನ್ನು ಮಾಡಿ ನಿಂತರು. ಅಡುಗೆಮನೆಯಿಂದ ರೊಟ್ಟಿ ಸೀದ ವಾಸನೆ ಬರುತ್ತಿತ್ತು. ನಾನು ಒಳಗೆ ಹೋಗಲಿಲ್ಲ. ಕುರ್ಚಿಯ ಮುಂದೆ, ಭಾಯಿ ಕೂತಿದ್ದ ಜಾಗದಲ್ಲೇ ಕೂತೆ.

ಕೇಳಬಾರದಿತ್ತು. ಕೇಳದೆ ಇರಲಾಗಲಿಲ್ಲ.

"ಅವತ್ತ ನೀವು ಅತ್ತದ್ದು, ಕೈ ಬಡದದ್ದು, ನನ್ನ ಸೆರಗ ಹಿಡಿದದ್ದು... ಬ್ಯಾಡ ಅಂತ ಹೇಳಾಕತ್ತಿದ್ರೇನ್ರಿ?"

ಅವರು ನನ್ನನ್ನು ನೋಡಿದರು. ನನ್ನ ಕೈಯನ್ನು ನೋಡಿದರು, ಮತ್ತೆ ನನ್ನನ್ನು. ಕಣ್ಣು ತೆರೆದೇ ಇದ್ದವು, ಅಲ್ಲ ಎನ್ನುವ ಹಾಗೆ. ನಾನು ಕಾದೆ. ರೆಪ್ಪೆ ನಡುಗಿತು, ಇನ್ನೇನು ಬಿತ್ತು ಅನ್ನುವಾಗ ಮತ್ತೆ ಅಗಲವಾಗಿ ತೆರೆದರು. ಉರಿ ಹತ್ತಿ ಬಿಳಿಗುಡ್ಡೆ ಕೆಂಪಾಯಿತು, ನೀರು ತುಂಬಿ ಕೆನ್ನೆಗಿಳಿಯಿತು. ಭಾಯಿ ತಿರುಗಿ ಬರುವವರೆಗೂ ಅವರು ಕಣ್ಣು ಮುಚ್ಚಲಿಲ್ಲ.