ಮೂರನೇ ಕವರಿನ ಮಣ್ಣು

ಇದನ್ನು ನಂಬಿ ಎಂದು ನಾನು ಯಾರ ಕಾಲಿಗೂ ಬೀಳುವುದಿಲ್ಲ. ನಂಬದಿದ್ದರೆ ನಿಮಗೇ ಒಳ್ಳೆಯದು, ನೆಮ್ಮದಿಯಾಗಿ ನಿದ್ದೆ ಬರುತ್ತದೆ. ನಾನು ಜರಗನಹಳ್ಳಿಯಲ್ಲಿ ಟೈರ್ ಅಂಗಡಿ ಇಟ್ಟಿರುವವನು. ಕಥೆ ಕಟ್ಟುವಷ್ಟು ಪುರುಸೊತ್ತು ನನಗಿಲ್ಲ. ದೆವ್ವ ಗಿವ್ವ ಎಂದು ಮಾತಾಡುವವರನ್ನು ಗೇಲಿ ಮಾಡಿ ಕಳಿಸುತ್ತಿದ್ದ ಆಸಾಮಿ ನಾನು. ಆದರೆ ಇದು ನಡೆದದ್ದು ನನಗೇ, ನನ್ನದೇ ಅಂಗಡಿಯಲ್ಲಿ, ನಾನು ಪೂರ್ತಿ ಎಚ್ಚರವಾಗಿದ್ದಾಗ.

ಮೊದಲು ನನ್ನ ಅಂಗಡಿಯ ಒಂದು ಪದ್ಧತಿ ಹೇಳಬೇಕು. ಕೆಸರಲ್ಲಿ ಓಡುವ, ಗುಡ್ಡ ಹತ್ತುವ ಗಾಡಿಗೆ ಟೈರ್ ಬೇಕು ಎಂದು ಯಾರೇ ಬಂದರೂ ನಾನು ಟೈರ್ ತೋರಿಸುವುದಿಲ್ಲ. "ಮೊದ್ಲು ಮಣ್ಣು ತಗೊಂಡ್ ಬನ್ನಿ ಸಾರ್" ಎನ್ನುತ್ತೇನೆ. ಗಾಡಿ ಎಲ್ಲಿ ಓಡಬೇಕೋ ಅಲ್ಲಿಯ ಒಂದು ಹಿಡಿ ಮಣ್ಣು, ಪ್ಲಾಸ್ಟಿಕ್ ಕವರಿನಲ್ಲಿ. ಅದಕ್ಕೆ ನಾಲ್ಕು ಹನಿ ನೀರು ಬಿಟ್ಟು ಅಂಗೈಯಲ್ಲಿ ಕಲಸಿ, ಬೆರಳಲ್ಲಿ ಉಜ್ಜಿ, ಮೂಸಿ ನೋಡುತ್ತೇನೆ. ಗರಸು ಮಣ್ಣಾದರೆ ಒಂದು ಟೈರ್, ಜೇಡಿಯಾದರೆ ಇನ್ನೊಂದು. ಅಂಗಡಿ ನಿಂತಿರುವ ಜಾಗದಲ್ಲೇ ನಮ್ಮಪ್ಪ ರಾಗಿ ಬೆಳೆಯುತ್ತಿದ್ದರು. ಮಣ್ಣು ಹಿಡಿದು ನೋಡುವುದನ್ನು ಅವರಿಂದ ಕಲಿತೆ. ಜಯನಗರದಿಂದ ಬರುವ ಹುಡುಗರು ಇದನ್ನು ನೋಡಿ ಮುಸಿಮುಸಿ ನಗುತ್ತಾರೆ. ನಗಲಿ, ಅವರ ಗಾಡಿ ಎಲ್ಲೂ ಹೂತುಕೊಳ್ಳುವುದಿಲ್ಲವಲ್ಲ.

ನಂಜುಂಡ ನನ್ನ ಬಾಲ್ಯದ ಗೆಳೆಯ. ನಮ್ಮ ಹಿಂದಿನ ಬೀದಿಯಲ್ಲೇ ಅವನ ಮನೆ. ಅವನೂ ನನ್ನ ಹಾಗೆ ಹೊಲವಿದ್ದ ಜಾಗದಲ್ಲಿ ಬಾಡಿಗೆ ಮನೆ ಕಟ್ಟಿಸಿಕೊಂಡ ಕುಟುಂಬದವನು. ಕನಕಪುರ ದಾಟಿ ಒಳಗೆ ಒಂದು ಗುಡ್ಡದ ತಲೆಯ ಮೇಲೆ ನಾಲ್ಕು ಎಕರೆ ಕೊಂಡಿದ್ದ. ಅದನ್ನು ನೋಡಿಕೊಳ್ಳಲು ಕೆಂಚಪ್ಪ ಎನ್ನುವ ಅರವತ್ತರ ಆಸುಪಾಸಿನ ಮನುಷ್ಯ, ಅವನ ಹೆಂಡತಿ ಪುಟ್ಟಮ್ಮ ಮೇಲೆಯೇ ಇದ್ದರು. ಮಳೆ ಬಿದ್ದರೆ ಆ ದಾರಿ ಬೆಣ್ಣೆ ಸವರಿದಂತೆ ಜಾರುತ್ತದೆ. ಜೀಪೂ ಹತ್ತುವುದಿಲ್ಲ. ಅದಕ್ಕೇ ನಂಜುಂಡ ಒಂದು ಸೆಕೆಂಡ್‌ಹ್ಯಾಂಡ್ ಆಫ್‌ರೋಡ್ ಗಾಡಿ ತಂದ. ಮುಂದೆ ಎರಡು ಸೀಟು, ಹಿಂದೆ ಗೊಬ್ಬರ, ಸಾಮಾನು ಹಾಕುವ ಉದ್ದನೆಯ ಟ್ರೇ. ಗಾಡಿ ಗಟ್ಟಿಯಾಗಿತ್ತು, ಟೈರ್ ಮಾತ್ರ ಬೋಳು ತಲೆ.

ಬುಧವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದು ನನ್ನ ಶೆಡ್ಡಿನಲ್ಲಿ ಇಳಿಸಿದ.

"ಶನಿವಾರ ಬೆಳಗ್ಗೆ ಬೇಕೇ ಬೇಕು ಮಗಾ" ಎಂದ. "ಕೆಂಚಪ್ಪಂಗೆ ಶುಗರ್ ಇದೆ. ಕಾಲಲ್ಲಿ ಗಾಯ ಆಗಿ ಊದ್ಕೊಂಡಿದೆಯಂತೆ. ನಡೆಯೋಕಾಗ್ತಿಲ್ಲ. ಹಿಂದೆ ಟ್ರೇನಲ್ಲಿ ಹಾಸಿಗೆ ಹಾಕಿ ಮಲಗಿಸ್ಕೊಂಡು ಇಳಿಸ್ಬೇಕು. ಜಯನಗರದಲ್ಲಿ ಡಾಕ್ಟ್ರಿಗೆ ಹೇಳಿಟ್ಟಿದೀನಿ."

"ಮಣ್ಣೆಲ್ಲಿ?" ಎಂದೆ.

ನಗುತ್ತಾ ಎರಡು ಕವರ್ ತೆಗೆದು ಕೌಂಟರ್ ಮೇಲಿಟ್ಟ. ಒಂದು ಗುಡ್ಡದ ಬುಡದ್ದು, ಇನ್ನೊಂದು ನಡುವಿನ ತಿರುವಿನದು, ಎಲ್ಲಕ್ಕಿಂತ ಕಡಿದಾದ ಜಾಗದ್ದು. ಅವನಿಗೆ ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರ್ ಸಾಕು ಎನ್ನುವ ಆಸೆ, ನೋಡಲು ನೀಟಾಗಿರುತ್ತದೆ ಎಂದು. ನಾನು ಬೈದೆ. ಜೇಡಿ ಇದ್ದರೆ ಆ ಟೈರಿನ ಸಂದಿಯಲ್ಲಿ ಮಣ್ಣು ತುಂಬಿಕೊಂಡು ನಿಮಿಷಕ್ಕೆಲ್ಲ ಅದು ಒಬ್ಬಟ್ಟಿನಂತೆ ನುಣ್ಣಗಾಗುತ್ತದೆ. ಟೈರ್ ಮೇಲಿನ ಉಬ್ಬು, ಅಂದರೆ ಬಟನ್, ದೊಡ್ಡದಿರಬೇಕು, ಬಟನ್ನಿಗೂ ಬಟನ್ನಿಗೂ ನಡುವೆ ಜಾಗ ಇರಬೇಕು, ಚಕ್ರ ತಿರುಗಿದ ಹಾಗೆ ಕೆಸರನ್ನು ತಾನೇ ಎಸೆಯಬೇಕು. ಸೈಡ್‌ವಾಲ್ ಅಂದರೆ ಟೈರಿನ ಪಕ್ಕೆ ದಪ್ಪ ಇರಬೇಕು, ಕಲ್ಲು ಸೀಳದ ಹಾಗೆ. ಮಣ್ಣು ಆಮೇಲೆ ನೋಡಿದರಾಯಿತು, ನಿನ್ನ ಗುಡ್ಡಕ್ಕೆ ಮಡ್ ಟೈರೇ ಎಂದು ಅಲ್ಲೇ ಆರ್ಡರ್ ಹಾಕಿದೆ. ಶುಕ್ರವಾರ ಬೆಳಗ್ಗೆ ನಾಲ್ಕೂ ಬಂದವು. ಅವತ್ತು ಅಂಗಡಿಯಲ್ಲಿ ಜನ, ಗಾಡಿಗೆ ಕೂಡಿಸಲು ಆಗಲಿಲ್ಲ. ರಾತ್ರಿ ಕೂತು ಹಾಕುತ್ತೇನೆ ಎಂದುಕೊಂಡೆ.

ಏಳೂವರೆಗೆ ಕೆಲಸದವರು ಹೋದರು. ಶಟರ್ ಅರ್ಧ ಎಳೆದೆ. ಎಂಟಕ್ಕೆ ಸರಿಯಾಗಿ ಮಳೆ ಶುರುವಾಯಿತು, ಅದರ ಹಿಂದೆಯೇ ಕರೆಂಟ್ ಹೋಯಿತು. ಯುಪಿಎಸ್‌ನ ಒಂದೇ ಒಂದು ಬಲ್ಬು, ಕೌಂಟರ್ ಮೇಲೆ. ಟೈರ್ ಕೂಡಿಸಲು ಮೆಷಿನ್ ಓಡಬೇಕು, ಅದಕ್ಕೆ ಕರೆಂಟ್ ಬೇಕು. ಸುಮ್ಮನೆ ಕೂರುವ ಬದಲು ಮಣ್ಣಾದರೂ ನೋಡೋಣ, ಎಷ್ಟು ಗಾಳಿ ಇಡಬೇಕು ಎಂದು ಗೊತ್ತಾಗುತ್ತದೆ ಎಂದು ಕವರ್ ಎಳೆದುಕೊಂಡೆ.

ಮೊದಲನೆಯದು ಕೆಂಪು ಗರಸು. ಮಧ್ಯೆ ಮಧ್ಯೆ ಕಾಗೆಬಂಗಾರದ ಚೂರು ಮಿನುಗುತ್ತಿತ್ತು. ಎರಡನೆಯದು ಜೇಡಿ, ಅದರಲ್ಲೂ ಕಾಗೆಬಂಗಾರ. ನಾನು ಅಂದುಕೊಂಡದ್ದೇ ಸರಿ, ಬೆರಳಿಗೆ ಅಂಟಿದರೆ ಬಿಡುವುದೇ ಇಲ್ಲ.

ಕೈ ಒರೆಸಿಕೊಂಡೆ. ಕೌಂಟರ್ ಮೇಲೆ ಇನ್ನೊಂದು ಕವರ್ ಇತ್ತು.

ಎರಡು ಕೊಟ್ಟಿದ್ದನಲ್ಲ... ಎನ್ನಿಸಿತು. ಆಮೇಲೆ ಯಾವಾಗಲಾದರೂ ಬಂದು ಇಟ್ಟು ಹೋಗಿರಬೇಕು ಎಂದುಕೊಂಡು ಗಂಟು ಬಿಚ್ಚಿದೆ. ಬೆರಳು ಒಳಗೆ ಹಾಕಿದವನು ಹಾಗೇ ನಿಂತೆ. ಮಣ್ಣು ಬೆಚ್ಚಗಿತ್ತು.

ಹೊರಗೆ ಆ ಪಾಟಿ ಮಳೆ, ಇಲ್ಲಿ ಕವರಿನೊಳಗೆ ಬಿಸಿಲಿಗೆ ಒಡ್ಡಿದಂಥ ಮಣ್ಣು. ನೀರು ಬಿಡದೆಯೇ ಅಂಗೈಯಲ್ಲಿ ಹರಡಿದೆ. ಅದೇ ಗುಡ್ಡದ್ದು, ಕಾಗೆಬಂಗಾರ ಇತ್ತು. ಆದರೆ ದಾರಿಯ ಮಣ್ಣಲ್ಲ. ದಾರಿಯ ಮಣ್ಣು ತುಳಿಸಿಕೊಂಡು ಗಟ್ಟಿಯಾಗಿರುತ್ತದೆ. ಇದು ಸಡಿಲ. ಮೇಲಿನ ಕರಿ ಮಣ್ಣು, ಅದರ ಕೆಳಗಿನ ಕೆಂಪು, ಆಳುದ್ದ ಅಗೆದರೆ ಸಿಗುವ ಬಿಳಿ ಸುದ್ದೆ, ಮೂರೂ ಒಟ್ಟಿಗೆ ಕಲಸಿದ್ದವು. ಆಳವಾಗಿ ಅಗೆದು ಮತ್ತೆ ಮುಚ್ಚಿದ ಜಾಗದಲ್ಲಿ ಮಾತ್ರ ಮಣ್ಣು ಹಾಗೆ ಬೆರೆಯುತ್ತದೆ.

ಮೂಸಿ ನೋಡಿದೆ. ಹುಳಿ ಹಾಲಿನ ವಾಸನೆ. ಅದರ ಹಿಂದೆ ತುಪ್ಪ...

ಬೆರಳ ಸಂದಿಯಲ್ಲಿ ಎರಡು ಕಾಳು ಮಂಡಕ್ಕಿ ಪುರಿ, ಬಾಡಿದ ಸೇವಂತಿಗೆಯ ಒಂದು ಎಸಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಣ್ಣು ಮಾಡಿದ ಮೂರನೇ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಡುತ್ತೇವೆ. ನಮ್ಮಪ್ಪನಿಗೆ ನಾನೇ ಬಿಟ್ಟಿದ್ದೇನೆ. ಆ ವಾಸನೆ ನನಗೆ ತಪ್ಪುವುದಿಲ್ಲ.

ನಂಜುಂಡನಿಗೆ ಫೋನ್ ಮಾಡಿದೆ.

"ಮೂರನೇ ಕವರ್ ಎಲ್ಲಿದು ಕಣೋ?"

"ಯಾವ ಮೂರನೇದು? ಎರಡೇ ತಾನೇ ಕೊಟ್ಟಿದ್ದು."

"ನಿನ್ ಜಮೀನಲ್ಲಿ ಯಾರ್ದಾದ್ರೂ ಗುಂಡಿ ಇದೆಯಾ? ಈಚೆಗೆ ಮಣ್ ಮಾಡಿರೋದು?"

"ಥೂ, ಹೊತ್ತಲ್ಲದ ಹೊತ್ತಲ್ಲಿ ಎಂಥ ಮಾತಾಡ್ತೀಯೋ! ಅಲ್ಲಿ ನಾವು ಮೂರು ಜನ ಬಿಟ್ರೆ ಯಾರೂ ಕಾಲಿಟ್ಟಿಲ್ಲ. ಟೈರ್ ಬಂತಾ?"

ನಾನು ಉತ್ತರ ಕೊಡುವ ಮೊದಲೇ ಶೆಡ್ಡಿನ ಕತ್ತಲಲ್ಲಿ ಕಿರ್ ಎಂದಿತು.

ಸ್ಪ್ರಿಂಗಿನ ಸದ್ದು. ಭಾರದ ಮನುಷ್ಯ ಹತ್ತಿ ಕೂತರೆ ಗಾಡಿ ಹಾಗೆ ನರಳುತ್ತದೆ. ಫೋನಿನ ಟಾರ್ಚ್ ಹಾಕಿದೆ. ನಂಜುಂಡನ ಗಾಡಿಯ ಹಿಂಭಾಗ ನಿಧಾನವಾಗಿ ನಾಲ್ಕು ಬೆರಳಷ್ಟು ಇಳಿಯಿತು... ಇಳಿದು ಅಲ್ಲೇ ನಿಂತಿತು. ಟ್ರೇ ಖಾಲಿ. ಟ್ರೇ ಪೂರ್ತಿ ಖಾಲಿ, ಆದರೆ ಹಿಂದಿನ ಎರಡು ಬೋಳು ಟೈರು ಹೊರೆ ಹೊತ್ತ ಹಾಗೆ ಅಗಲವಾಗಿದ್ದವು. ಅಲ್ಲಿಂದ ಯಾರೋ ಮೂಗಿನಲ್ಲಿ ಕಷ್ಟಪಟ್ಟು ಉಸಿರೆಳೆದ ಸದ್ದು ಕೇಳಿತು. ತುಪ್ಪದ ವಾಸನೆ ಶೆಡ್ಡೆಲ್ಲ ತುಂಬಿತು.

"ಹಲೋ? ಇದೀಯಾ? ಟೈರ್ ಬಂತಾ ಅಂದ್ರೆ?" ಎಂದು ಫೋನಿನಲ್ಲಿ ನಂಜುಂಡ.

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ. ಇದು ನಂಜುಂಡನ ಮಣ್ಣು. ನಾಳೆ ಈ ಗಾಡಿ ಆ ತಿರುವಿನಲ್ಲಿ ಮಗುಚಿಕೊಳ್ಳುತ್ತದೆ, ಮೂರು ದಿನ ಬಿಟ್ಟು ನಾನು ಅವನ ಗುಂಡಿಯ ಮೇಲೆ ಹಾಲು ಬಿಡುತ್ತೇನೆ. ಅದನ್ನು ಅವನಿಗೆ ಹೇಗೆ ಹೇಳಲಿ? ಅಂಥ ಮಾತನ್ನು ಬಾಯಲ್ಲಿ ಆಡಬಾರದು ಎಂದು ಬೆಳೆದವರು ನಾವು. ಹೇಳಿದರೂ ಅವನು ನಗುತ್ತಾನೆ, ನಕ್ಕು ಹೊರಟೇ ಬಿಡುತ್ತಾನೆ.

"ಬಂದಿಲ್ಲ" ಎಂದೆ. "ಸ್ಟಾಕ್ ಇಲ್ವಂತೆ. ಮಂಗಳವಾರ ಅಂದ್ರು."

ಅಟ್ಟದ ಮೇಲೆ ನಾಲ್ಕೂ ಟೈರು ಹೊಸ ರಬ್ಬರಿನ ವಾಸನೆ ಬಿಡುತ್ತಾ ಬಿದ್ದಿದ್ದವು.

"ಅಯ್ಯೋ... ಕೆಂಚಪ್ಪ ಕಾಯ್ತಿದ್ದಾನೆ ಕಣೋ."

"ನಾಲ್ಕು ದಿನ ತಾನೇ. ಮಾತ್ರೆ ತಗೊಳ್ಳೋಕ್ ಹೇಳು."

ಫೋನ್ ಇಟ್ಟೆ. ಗಾಡಿ ಹಾಗೇ ಕುಗ್ಗಿಕೊಂಡಿತ್ತು. ನಾನು ಗೋಡೆಗೆ ಬೆನ್ನು ಕೊಟ್ಟು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಕರೆಂಟ್ ಬಂತು, ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹೊತ್ತಿಕೊಂಡಿತು. ಗಾಡಿ ಸರಿಯಾಗಿಯೇ ನಿಂತಿತ್ತು. ಕೌಂಟರ್ ಮೇಲೆ ಎರಡೇ ಕವರ್. ನೆಲ, ಡ್ರಾಯರ್, ಕಸದ ಡಬ್ಬಿ ಎಲ್ಲ ಹುಡುಕಿದೆ. ಮೂರನೆಯದು ಸಿಗಲಿಲ್ಲ. ನನ್ನ ಅಂಗೈಯಲ್ಲಿ ಮಾತ್ರ ಆ ವಾಸನೆ ಇತ್ತು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು ಹಾಕಿ ತಿಕ್ಕಿದೆ. ಹೋಗಲಿಲ್ಲ. ಮನೆಯಲ್ಲಿ ಹೆಂಡತಿ ತಟ್ಟೆ ಮುಂದಿಟ್ಟರೆ ಆ ಕೈಯಲ್ಲಿ ಊಟ ಮಾಡಲು ಮನಸ್ಸು ಬರಲಿಲ್ಲ.

ಭಾನುವಾರ ನಂಜುಂಡ ಅಂಗಡಿಗೇ ಬಂದ. ಕಣ್ಣು ಕೆಂಪಾಗಿತ್ತು.

"ಪುಟ್ಟಮ್ಮ ಫೋನ್ ಮಾಡಿದ್ಲು. ಜ್ವರ ಜಾಸ್ತಿ ಆಗಿದೆಯಂತೆ, ಏನೇನೋ ಬಡಬಡಿಸ್ತಿದ್ದಾನಂತೆ. ಇದೇ ಹಳೇ ಟೈರಲ್ಲಿ ಹೋಗ್ಬಿಡ್ಲಾ?"

"ಸಾಯ್ತೀಯಾ!" ಎಂದು ಕೂಗಿಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕೈ ಹಿಡಿದುಕೊಂಡೆ. "ಬೇಡ ಕಣೋ, ನನ್ ಮಾತು ಕೇಳು. ಕೆಳಗಿನ ಊರಿಂದ ನಾಲ್ಕ್ ಜನರನ್ನ ಕಳಿಸಿ ಹೊರಿಸ್ಕೊಂಡ್ ಬರಿಸು. ನೀನು ಮಾತ್ರ ಹತ್ಬೇಡ."

ಅವನು ಅಲ್ಲೇ ನಿಂತು ಕೆಳಗಿನ ಊರಿಗೆ ಫೋನ್ ಹಚ್ಚಿದ. ಟೈರಿನ ವಿಷಯದಲ್ಲಿ ನನ್ನ ಮಾತನ್ನು ಅವನು ಯಾವತ್ತೂ ಮೀರಿದವನಲ್ಲ. ಆ ಸುರಿಯುವ ಮಳೆಯಲ್ಲಿ ಭಾನುವಾರ ಯಾರೂ ಗುಡ್ಡ ಹತ್ತಲು ಒಪ್ಪಲಿಲ್ಲ. ಸೋಮವಾರ ಮಧ್ಯಾಹ್ನ ನಾಲ್ವರು ಹೋದರು. ಕಂಬಳಿಗೆ ಎರಡು ಬಿದಿರು ಕಟ್ಟಿ ಕೆಂಚಪ್ಪನನ್ನು ಹೊತ್ತು, ಕೂತು, ಜಾರಿ, ಎದ್ದು ಇಳಿಸುತ್ತಿದ್ದರು. ನಡುವಿನ ತಿರುವು ದಾಟುವ ಮೊದಲೇ ಅವನ ಜೀವ ಹೋಗಿತ್ತು. ಕಾಲಿನ ನಂಜು ಮೈಗೆಲ್ಲ ಏರಿತ್ತಂತೆ. ಅವನನ್ನು ಮತ್ತೆ ಮೇಲಕ್ಕೇ ಹೊತ್ತುಕೊಂಡು ಹೋಗಿ, ಅವನೇ ಕಟ್ಟಿದ ಬೇಲಿಯ ಪಕ್ಕ ಮಣ್ಣು ಮಾಡಿದರು. ಹಾಗಂತ ಪುಟ್ಟಮ್ಮನೇ ಕೇಳಿದ್ದಳು.

ಮಂಗಳವಾರ ನಾನೇ ಅಟ್ಟ ಹತ್ತಿ ಟೈರ್ ಇಳಿಸಿ ಕೂಡಿಸಿದೆ. ಬುಧವಾರ ಬೆಳಗ್ಗೆ ಗಾಡಿಯನ್ನು ಟೆಂಪೋದಿಂದ ಗುಡ್ಡದ ಬುಡದಲ್ಲಿ ಇಳಿಸಿಕೊಂಡು, ಟೈರಿನ ಗಾಳಿ ಅರ್ಧ ಬಿಟ್ಟು, ನಂಜುಂಡ ಹತ್ತಿಸಿದ. ಪಕ್ಕದಲ್ಲಿ ನಾನು, ಹಿಂದೆ ಹಾಲಿನ ಕ್ಯಾನು, ಹೂವು, ಪುರಿ. ಕೆಸರು ಮೊಣಕಾಲುದ್ದ ಇತ್ತು. ಆ ಟೈರು ಒಂದು ಕಡೆಯೂ ಜಾರಲಿಲ್ಲ. ಆ ಕಡಿದಾದ ತಿರುವನ್ನು ಡಾಂಬರು ರಸ್ತೆಯ ಹಾಗೆ ಏರಿತು. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಗಾಡಿ ಓಡಿಸುತ್ತಲೇ ನಂಜುಂಡನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಹಾಲು ತುಪ್ಪ ಬಿಟ್ಟಾದ ಮೇಲೆ ಎಲ್ಲರೂ ಮಣ್ಣು ಮುಟ್ಟಿ ನಮಸ್ಕರಿಸಿದರು. ನಾನೂ ಮುಟ್ಟಿದೆ. ಕರಿ, ಕೆಂಪು, ಬಿಳಿ ಸುದ್ದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಮಣ್ಣು ಬೆಚ್ಚಗಿತ್ತು.

ನಾನು ಹಿಂದೆ ಸರಿದು ಬೇಲಿ ಹಿಡಿದು ನಿಂತೆ. ಪುಟ್ಟಮ್ಮ ಹತ್ತಿರ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಗಾಡಿಯನ್ನೇ ನೋಡುತ್ತಿದ್ದಳು.

"ಇದೇ ಗಾಡೀನಾ ಅಣ್ಣ?"

"ಹೂಂ ಕಣಮ್ಮ."

"ಶುಕ್ರವಾರ ರಾತ್ರಿ ಜ್ವರದಲ್ಲಿ ಒಂದೇ ಸಮ ಇದರದ್ದೇ ಮಾತು ಅಣ್ಣ. ಗಾಡಿ ಬಂತು ಪುಟ್ಟಿ, ಹಿಂದ್ಗಡೆ ಹತ್ತಿ ಕೂತ್ಕಂಡಿವ್ನಿ, ಅದ್ಯಾಕೆ ಇನ್ನೂ ಹೊರಡಿಸ್ತಿಲ್ಲ ಇವ್ರು... ಅಂತಿದ್ರು. ಎಷ್ಟು ಹೊತ್ತಾದ್ರೂ ಅದ್ನೇ ಅಂತಿದ್ರು."

ನಂಜುಂಡ ಅಲ್ಲೇ ನಿಂತಿದ್ದ. "ಬೇಜಾರ್ ಮಾಡ್ಕೋಬೇಡ ಪುಟ್ಟಮ್ಮ" ಎಂದ. "ಇವ್ನು ಏನ್ ಮಾಡ್ತಾನೆ, ಟೈರೇ ಬಂದಿರ್ಲಿಲ್ಲ."

ನಾನು ತಲೆ ಬಗ್ಗಿಸಿ ನಿಂತೆ. ಅವಳು, ಹೌದೌದು, ನಿಮ್ಮದೇನು ತಪ್ಪಣ್ಣ ಎಂದು ನನಗೇ ಸಮಾಧಾನ ಹೇಳಿದಳು.

ಆ ಕವರನ್ನು ತಂದಿಟ್ಟದ್ದು ಯಾರು, ಇವತ್ತಿಗೂ ಗೊತ್ತಿಲ್ಲ. ಹೋಗಬೇಡ ಎಂದು ಹೇಳಲು ಇಟ್ಟರೋ, ಇವತ್ತೇ ಹೋಗು ಎಂದು ಹೇಳಲು ಇಟ್ಟರೋ... ಎಷ್ಟು ಯೋಚಿಸಿದರೂ ತಲೆ ಕೆಡುತ್ತದೆಯೇ ಹೊರತು ಬಗೆಹರಿಯುವುದಿಲ್ಲ. ಟೈರ್ ಕೊಟ್ಟಿದ್ದರೆ ನಂಜುಂಡ ಮಗುಚಿಕೊಳ್ಳುತ್ತಿದ್ದನೇನೋ. ಇಲ್ಲ, ಆ ಟೈರು ಜಾರುವ ಟೈರಲ್ಲ, ಅದನ್ನು ಕಣ್ಣಾರೆ ನೋಡಿದ್ದೇನೆ. ಈಗ ಗಿರಾಕಿಗಳು ಕವರಿನಲ್ಲಿ ಮಣ್ಣು ತಂದರೆ ಕೆಲಸದವರ ಕೈಗೆ ಕೊಡುತ್ತೇನೆ. ನಾನು ಮುಟ್ಟುವುದಿಲ್ಲ.

ನಂಜುಂಡ ಇವತ್ತಿಗೂ ಸಂಜೆ ಅಂಗಡಿಗೆ ಬರುತ್ತಾನೆ, ಎದುರಿಗೆ ಕೂತು ಕಾಫಿ ಕುಡಿಯುತ್ತಾನೆ. ಪುಟ್ಟಮ್ಮನಿಗೆ ಇಲ್ಲೇ ತನ್ನದೇ ಒಂದು ಬಾಡಿಗೆ ಮನೆ ಬಿಟ್ಟುಕೊಟ್ಟಿದ್ದಾನೆ. ಅವಳು ನನ್ನನ್ನು ಬೀದಿಯಲ್ಲಿ ಕಂಡಾಗಲೆಲ್ಲ, ಊಟ ಆಯ್ತಾ ಅಣ್ಣ ಎನ್ನುತ್ತಾಳೆ. ನಂಜುಂಡನ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗೆ ಬರಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ಅವನು ಇಂಥದ್ದನ್ನೆಲ್ಲ ಓದುತ್ತಾನೆ.

ನಂಜುಂಡಾ, ಟೈರು ಆ ಶುಕ್ರವಾರ ಬೆಳಗ್ಗೆಯೇ ಬಂದಿತ್ತು ಕಣೋ.